ಅಂಗಳಕ್ಕೆ ಮಟ್ಟ: ಅಗ್ಗದ ತಿರುಗುವ ಲೇಸರ್ ಕೊಂಡು ಬಳಸಿದ ಅನುಭವ

ಸಾಗರ ತಾಲ್ಲೂಕಿನ ನಮ್ಮ ಮನೆ ಇರುವುದು ಗುಡ್ಡದ ಇಳಿಜಾರಿನಲ್ಲಿ. ಹಿಂದೆ ಸೊಪ್ಪಿನ ಬೆಟ್ಟ, ಮುಂದೆ ರಸ್ತೆ, ಬಲಕ್ಕೆ ಪಕ್ಕದ ಮನೆಯವರ ಅಡಿಕೆ ತೋಟ. ಜೂನ್ ಮುಗಿಯುವ ಹೊತ್ತಿಗೆ ಮನೆಯ ಹಿಂದಿನ ಧರೆಯ, ಅಂದರೆ ಕಡಿದ ಗುಡ್ಡದ ಕಡಿದಾದ ಬದಿಯ, ಬುಡದಲ್ಲಿ ಒರತೆ ಏಳುತ್ತದೆ. ಆ ನೀರಿಗೆ ಸೂರಿನ ನೀರೂ ಸೇರಿ ಅಡುಗೆಮನೆಯ ಹಿಂಬದಿಯಲ್ಲಿ ನಿಂತುಬಿಡುತ್ತದೆ. ಹೋದ ಮಳೆಗಾಲದಲ್ಲಿ ಗೋಡೆಯ ಬಣ್ಣ ಮೊಣಕಾಲೆತ್ತರದವರೆಗೆ ಹೊಪ್ಪಳೆಯೆದ್ದು ಉದುರಿತು. ಇನ್ನು ತಡೆಯಲಾರೆ ಎಂದು ದೀಪಾವಳಿ ಕಳೆದ ಮೇಲೆ ಕೆಲಸಕ್ಕೆ ಕೈಹಾಕಿದೆ. ಹಿತ್ತಿಲಿನಲ್ಲಿ ಒಂದು ಬಸಿಗಾಲುವೆ, ಮುಂದಿನ ಅಂಗಳಕ್ಕೆ ಒಂದೇ ದಿಕ್ಕಿನ ವಾಟ (ನೀರು ಹರಿಯುವಷ್ಟು ಇಳಿಜಾರು), ತಗ್ಗಿನ ಕಡೆಗೆ ಮಣ್ಣು ತಡೆಯಲು ಜಂಬಿಟ್ಟಿಗೆಯ ಗೋಡೆ. ಬೇಕಾಗಿದ್ದದ್ದು ಇಷ್ಟೇ.

ಆದರೆ ತಗ್ಗು ಎಲ್ಲಿದೆ? ಕೇಳಿದವರೆಲ್ಲ ಒಂದೊಂದು ಮೂಲೆ ತೋರಿಸಿದರು. ಮೇಸ್ತ್ರಿಗಳು ಗೇಟಿನ ಕಡೆ ಎಂದರು, ಪಕ್ಕದ ಮನೆಯವರು ತುಳಸಿಕಟ್ಟೆಯ ಕಡೆ ಎಂದರು, ಬೆಂಗಳೂರಿನಿಂದ ಬಂದಿದ್ದ ಅಣ್ಣನ ಮಗ ಮೊಬೈಲ್ ನೆಲದ ಮೇಲಿಟ್ಟು ಅದರಲ್ಲಿ ಕಂಡ ಗುಳ್ಳೆ ನೋಡಿ ಮೂರನೆಯದೊಂದನ್ನು ಹೇಳಿದ. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು ನಾನು. ಅಳೆಯದೆ ಒಪ್ಪುವ ಅಭ್ಯಾಸವಿಲ್ಲ.

ಅಳೆಯಲು ಮೂರು ದಾರಿಗಳಿದ್ದವು. ಮೊದಲನೆಯದು ಮೇಸ್ತ್ರಿಗಳ ನೀರಿನ ಪೈಪು. ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ಎರಡು ತುದಿಗಳನ್ನು ಎರಡು ಕಡೆ ಹಿಡಿದರೆ ನೀರು ಎರಡೂ ಕಡೆ ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ಒಳಗೆ ಗಾಳಿಗುಳ್ಳೆ ಉಳಿಯದಿದ್ದರೆ ಇದಕ್ಕಿಂತ ಪ್ರಾಮಾಣಿಕ ಉಪಕರಣ ಇನ್ನೊಂದಿಲ್ಲ, ಖರ್ಚೂ ಕೆಲವು ನೂರು ರೂಪಾಯಿ ಮಾತ್ರ. ಆದರೆ ಎರಡು ಜನ ಬೇಕು, ಒಂದೊಂದು ಬಿಂದುವಿಗೂ ನೀರು ತೂಗಾಡಿ ನಿಲ್ಲುವವರೆಗೆ ಕಾಯಬೇಕು. ಎರಡನೆಯದು ಎಂಜಿನಿಯರುಗಳು ತರುವ ಆಟೊ ಲೆವೆಲ್. ಇದಕ್ಕೂ ಇಬ್ಬರು ಬೇಕು: ದೂರದರ್ಶಕಕ್ಕೆ ಕಣ್ಣಿಟ್ಟವರೊಬ್ಬರು, ಅಳತೆಗೋಲು ಹಿಡಿದವರೊಬ್ಬರು. ಮೂರನೆಯದು ರೋಟರಿ ಲೇಸರ್. ಯಂತ್ರವನ್ನು ಟ್ರೈಪಾಡಿನ ಮೇಲಿಟ್ಟು ಚಾಲೂ ಮಾಡಿದರೆ ಅದರ ತಲೆ ನಿಮಿಷಕ್ಕೆ ನೂರಾರು ಸುತ್ತು ತಿರುಗುತ್ತದೆ. ಲೇಸರ್ ಕಿರಣ ಸುತ್ತಲೂ, ತುಂಬಿದ ಹರಿವಾಣದ ನೀರಿನ ಮೇಲ್ಮೈಯಂತೆ, ಒಂದು ಸಮತಲವನ್ನು ಹಾಸುತ್ತದೆ. ಅಳತೆಗೋಲಿಗೆ ರಿಸೀವರ್ (ಕಿರಣ ತಾಗಿದ್ದನ್ನು ಗುರುತಿಸಿ ಕೂಗುವ ಸಣ್ಣ ಉಪಕರಣ) ಸಿಕ್ಕಿಸಿಕೊಂಡು ಎಲ್ಲಿ ನಿಂತರೂ ಆ ಸಮತಲದಿಂದ ನೆಲ ಎಷ್ಟು ಕೆಳಗಿದೆ ಎಂದು ಒಬ್ಬರೇ ಓದಬಹುದು. ಮನೆಯಲ್ಲಿ ನಾನೊಬ್ಬಳೇ ಇರುವುದರಿಂದ ನನಗೆ ಹಿಡಿಸಿದ್ದು ಇದೇ.

ಕೊಳ್ಳುವಾಗ ಮೊದಲ ಗೊಂದಲ ಶುರುವಾಯಿತು. ಆನ್‌ಲೈನ್ ಅಂಗಡಿಗಳಲ್ಲಿ ‘360 ಡಿಗ್ರಿ’, ‘12 ಲೈನ್’, ‘16 ಲೈನ್’ ಎಂದು ಹಸಿರು ಬೆಳಕಿನ ಯಂತ್ರಗಳು ಕೆಲವೇ ಸಾವಿರಕ್ಕೆ ಸಿಗುತ್ತವೆ. ಇವು ಗೆರೆ ಎಳೆಯುವ ಲೇಸರ್‌ಗಳು, ತಿರುಗುವ ಲೇಸರ್ ಅಲ್ಲ. ಟೈಲ್ಸ್ ಕೂರಿಸಲು, ಒಳಗಿನ ಸೀಲಿಂಗ್ ಕಟ್ಟಲು ಚೆನ್ನಾಗಿವೆ. ಬಿಸಿಲಿಗೆ ತಂದರೆ ಗೆರೆ ಕಣ್ಣಿಗೆ ಕಾಣುವುದೇ ಇಲ್ಲ. ರಿಸೀವರ್ ಗುರುತು ಹಿಡಿಯುವಂತೆ ಬೆಳಕನ್ನು ಮಿಡಿಸುವ ಪಲ್ಸ್ ಮೋಡ್ ಇದ್ದು ಅದಕ್ಕೆ ಹೊಂದುವ ರಿಸೀವರ್ ಇದ್ದರೆ ಮಾತ್ರ ಹೊರಗೆ ಒಂದಿಷ್ಟು ದೂರ ಬಳಸಬಹುದು. ತಿರುಗುವ ಲೇಸರ್‌ನ ಚುಕ್ಕೆಯೂ ಬಿಸಿಲಿನಲ್ಲಿ ಕಾಣದು, ಅದಕ್ಕೇ ರಿಸೀವರ್ ಕಡ್ಡಾಯ. ರಿಸೀವರ್ ಇಲ್ಲದ ಯಂತ್ರ ಕಡಿಮೆಗೆ ಸಿಕ್ಕಿತೆಂದು ತರಬೇಡಿ.

ನಾನು ತರಿಸಿದ ಯಂತ್ರಕ್ಕೆ ರಿಸೀವರ್ ಸೇರಿ 18,500 ರೂಪಾಯಿ. ಅಲ್ಯುಮಿನಿಯಂ ಟ್ರೈಪಾಡಿಗೆ 2,300, ಐದು ಮೀಟರಿನ ಅಳತೆಗೋಲಿಗೆ 1,600. ಹೆಸರಾಂತ ಕಂಪನಿಗಳ ಯಂತ್ರಕ್ಕೆ ಇದರ ಹಲವು ಪಟ್ಟು ಬೆಲೆ. ಮನೆಯಲ್ಲಿ ಕ್ಯಾಮೆರಾದ ಟ್ರೈಪಾಡ್ ಇದೆ, ಅದೇ ಸಾಕು ಎಂದುಕೊಳ್ಳುವವರಿಗೆ ಒಂದು ಮಾತು: ಕ್ಯಾಮೆರಾದ ಸ್ಕ್ರೂ ಕಾಲು ಇಂಚಿನದು, ಸರ್ವೆ ಯಂತ್ರಗಳದ್ದು ಸಾಮಾನ್ಯವಾಗಿ 5/8 ಇಂಚಿನದು. ಒಂದಕ್ಕೊಂದು ಕೂರುವುದಿಲ್ಲ. ಅಳತೆಗೋಲಿನಲ್ಲಿಯೂ ನೋಡಿಕೊಳ್ಳಿ. ಕೆಲವದರಲ್ಲಿ ಒಂದು ಮೈ ಮೀಟರ್, ಇನ್ನೊಂದು ಮೈ ಅಡಿ ಇಂಚು ಇರುತ್ತದೆ. ಮೇಸ್ತ್ರಿಗಳ ಜತೆ ಕೆಲಸ ಮಾಡುವವರಿಗೆ ಅಂಥದೇ ಬೇಕು.

ವಿವರಣೆಯ ಹಾಳೆಯಲ್ಲಿ ‘ವ್ಯಾಸ 500 ಮೀಟರ್’ ಎಂದಿರುತ್ತದೆ. ಯಂತ್ರದಿಂದ ಒಂದು ದಿಕ್ಕಿಗೆ 250 ಮೀಟರ್ ಎಂದು ಅದರ ಅರ್ಥ. ಮನೆಯ ಅಂಗಳಕ್ಕೆ ಇದು ದಂಡಿಯಾಯಿತು. ಗಮನಿಸಬೇಕಾದದ್ದು ನಿಖರತೆಯ ಸಾಲು. ‘20 ಸೆಕೆಂಡ್’ ಎಂದಿದ್ದರೆ ಅದು ಕೋನದ ಅಳತೆ. 30 ಮೀಟರ್ ದೂರದಲ್ಲಿ ಸುಮಾರು 3 ಮಿಲಿಮೀಟರ್ ಹೆಚ್ಚುಕಡಿಮೆ ಆಗಬಹುದು ಎಂದರ್ಥ. ಮಣ್ಣಿನ ಕೆಲಸಕ್ಕೆ ಅಷ್ಟು ಸಾಕು.

ಪೆಟ್ಟಿಗೆ ಬಂದಾಗ ಒಳಗೆ ‘ಪರೀಕ್ಷಿಸಲಾಗಿದೆ’ ಎಂಬ ಪ್ರಮಾಣಪತ್ರವೂ ಇತ್ತು. ಅದರಲ್ಲಿ ಯಂತ್ರದ ಸೀರಿಯಲ್ ನಂಬರಿನ ಜಾಗ ಖಾಲಿ. ಅಲ್ಲಿಗೇ ನನ್ನ ಮೂಗು ಮೇಲೇರಿತು. ಆದ್ದರಿಂದ ಮೊದಲ ದಿನ ಅಂಗಳದ ಕೆಲಸಕ್ಕೆ ಹೋಗದೆ ಯಂತ್ರವನ್ನೇ ಪರೀಕ್ಷೆಗೆ ಕೂರಿಸಿದೆ. ಹೊಸ ಯಂತ್ರ ತಂದವರು ಇದನ್ನು ತಪ್ಪದೆ ಮಾಡಬೇಕು, ಅದೂ ವಾಪಸು ಕಳಿಸುವ ಅವಧಿ ಮುಗಿಯುವ ಮೊದಲೇ.

ವಿಧಾನ ಸುಲಭ. ಗೋಡೆಯೊಂದರಿಂದ ಇಪ್ಪತ್ತೈದು ಮೂವತ್ತು ಮೀಟರ್ ದೂರದಲ್ಲಿ, ಗಟ್ಟಿ ನೆಲದ ಮೇಲೆ ಟ್ರೈಪಾಡ್ ನಿಲ್ಲಿಸಬೇಕು. ಯಂತ್ರದ ಮುಖವನ್ನು ಗೋಡೆಯ ಕಡೆಗಿಟ್ಟು, ರಿಸೀವರ್ ಮಟ್ಟದ ಗುರುತು ತೋರಿಸಿದಲ್ಲಿ ಪೆನ್ಸಿಲಿನಿಂದ ಗೆರೆ ಹಾಕಬೇಕು. ಆಮೇಲೆ ಟ್ರೈಪಾಡನ್ನು ಅಲುಗಿಸದೆ ಯಂತ್ರದ ಮೈಯನ್ನು ಕಾಲು ಸುತ್ತು ತಿರುಗಿಸಿ, ಅದು ಸಮಸ್ಥಿತಿಗೆ ಬರುವವರೆಗೆ ಕಾದು, ಮತ್ತೆ ಗೆರೆ. ಹೀಗೆ ನಾಲ್ಕು ದಿಕ್ಕಿಗೂ. ಮೊದಲ ಗೆರೆಗೂ ಮೂರನೆಯದಕ್ಕೂ ಇರುವ ಅಂತರ ಒಂದು ಅಕ್ಷದ್ದು, ಎರಡಕ್ಕೂ ನಾಲ್ಕಕ್ಕೂ ಇರುವುದು ಇನ್ನೊಂದು ಅಕ್ಷದ್ದು. ನಿಜವಾದ ದೋಷ ಈ ಅಂತರದ ಅರ್ಧ. ನಮ್ಮ ಕೊಟ್ಟಿಗೆಯ ಗೋಡೆಯ ಮೇಲೆ, 25 ಮೀಟರ್ ದೂರದಲ್ಲಿ, ಒಂದು ಅಕ್ಷದಲ್ಲಿ 2 ಮಿಲಿಮೀಟರ್ ಅಂತರ ಬಂತು, ಇನ್ನೊಂದರಲ್ಲಿ 9. ಯಂತ್ರದ ವಿವರಣೆಯ ಹಾಳೆಯ ಲೆಕ್ಕದ ಪ್ರಕಾರ ಈ ಅಂತರ 5 ದಾಟಬಾರದು.

ಮಾರಿದವರಿಗೆ ಫೋನ್ ಮಾಡಿದರೆ ‘ಹೊರಗಿನ ಕೆಲಸಕ್ಕೆ ಇದೆಲ್ಲ ಮಾಮೂಲು ಮೇಡಂ’ ಎಂಬ ಉತ್ತರ. ಮಾಮೂಲಾದರೆ ಹಾಳೆಯ ಮೇಲೆ ಯಾಕೆ ಬೇರೆ ಬರೆದಿರಿ ಎಂದು ಕೇಳಿ, ಗೆರೆಗಳ ಪಕ್ಕದಲ್ಲಿ ಸ್ಕೇಲ್ ಹಿಡಿದು ತೆಗೆದ ಫೋಟೊ, ಜಿಎಸ್‌ಟಿ ಬಿಲ್ಲಿನ ಪ್ರತಿ, ಅವರದ್ದೇ ವಿವರಣೆಯ ಪುಟ ಮೂರನ್ನೂ ಕಳಿಸಿದೆ. ಬದಲಿ ಕೊಡಲು ಒಪ್ಪಿದರು. ಆದರೆ ನಮ್ಮ ಊರಿಗೆ ಬಂದು ಹಳೆಯದನ್ನು ಒಯ್ಯಲು ಕೊರಿಯರಿನವರು ತಯಾರಿಲ್ಲ. ಪೆಟ್ಟಿಗೆಯನ್ನು ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ಪೇಟೆಗೆ ಹೋಗಿ ಕೊಟ್ಟುಬಂದೆ. ಆಮೇಲೆ ಕಾಯುವ ಕೆಲಸ. ಮಾಘದ ಚಳಿ ಕಳೆದು ಬಿಸಿಲು ಏರುತ್ತಿತ್ತು, ಜೆಸಿಬಿಯವರು ‘ಯಾವಾಗ ಬರಲಿ’ ಎಂದು ಕೇಳುತ್ತಿದ್ದರು, ನಾನು ಪಾರ್ಸೆಲ್ ಎಲ್ಲಿದೆ ಎಂದು ಮೊಬೈಲ್ ನೋಡುತ್ತಿದ್ದೆ. ಹೊಟ್ಟೆ ಉರಿಯದೆ ಏನು! ಎರಡನೆಯ ಯಂತ್ರ ಬಂದು ಅದೇ ಗೋಡೆಯ ಮೇಲೆ 3 ಮಿಲಿಮೀಟರಿನೊಳಗೆ ನಿಂತಿತು. ಮೂಲ ಪೆಟ್ಟಿಗೆ, ಥರ್ಮೊಕೋಲ್ ಎಸೆಯದೆ ಇಟ್ಟುಕೊಂಡದ್ದರಿಂದ ವಾಪಸಾತಿಯಲ್ಲಿ ತಕರಾರು ಬರಲಿಲ್ಲ.

ಇಲ್ಲಿಯೇ ಇನ್ನೊಂದು ವಿಷಯ. ಯಂತ್ರದಲ್ಲಿ ಸಣ್ಣ ದೋಷ ಇದ್ದರೂ, ಅಳೆಯುವ ಎರಡು ಬಿಂದುಗಳಿಂದ ಅದನ್ನು ಸಮಾನ ದೂರದಲ್ಲಿ ನಿಲ್ಲಿಸಿ, ಎರಡೂ ಕಡೆಗೆ ಯಂತ್ರದ ಒಂದೇ ಮುಖ ತಿರುಗಿಸಿ ಓದಿದರೆ ಆ ದೋಷ ಎರಡೂ ಕಡೆ ಒಂದೇ ಪ್ರಮಾಣದಲ್ಲಿ ಸೇರಿ, ಕಳೆಯುವಾಗ ಹೊರಟುಹೋಗುತ್ತದೆ. ಅಗ್ಗದ ಯಂತ್ರದವರು ಮೂಲೆಯಲ್ಲಿ ನಿಲ್ಲಿಸದೆ ಆದಷ್ಟು ನಡುವೆ ನಿಲ್ಲಿಸುವುದು ಕ್ಷೇಮ.

ಅಳತೆ ಶುರು ಮಾಡುವ ಮೊದಲು ಅಲುಗಾಡದ ಒಂದು ಗುರುತು ಬೇಕು. ಎಂಜಿನಿಯರುಗಳು ಇದನ್ನು ಬೆಂಚ್ ಮಾರ್ಕ್ ಎನ್ನುತ್ತಾರೆ. ನಾನು ಮುಂಬಾಗಿಲಿನ ಕಲ್ಲಿನ ಮೆಟ್ಟಿಲನ್ನು ಆರಿಸಿ, ಅದರ ಎತ್ತರ 10.000 ಮೀಟರ್ ಎಂದು ಇಟ್ಟುಕೊಂಡೆ. ಸೊನ್ನೆ ಎಂದಿಟ್ಟರೆ ಮುಂದೆ ಋಣ ಸಂಖ್ಯೆಗಳ ಕಾಟ. ಮೆಟ್ಟಿಲಿನ ಮೇಲೆ ಕೋಲು ನಿಲ್ಲಿಸಿದಾಗ 1.342 ಬಂತು. ಅಂದರೆ ಕಿರಣದ ಎತ್ತರ 11.342. ಇನ್ನು ಎಲ್ಲಿಯೇ ಓದಿದರೂ 11.342ರಿಂದ ಆ ಓದನ್ನು ಕಳೆದರೆ ಆ ನೆಲದ ಎತ್ತರ. ಓದು ಹೆಚ್ಚಾದಷ್ಟು ನೆಲ ತಗ್ಗು, ಓದು ಕಡಿಮೆಯಾದಷ್ಟು ನೆಲ ಎತ್ತರ. ಇದು ಎಷ್ಟು ಸರಳವೋ ಅಷ್ಟೇ ಗೋಜಲು. ಸಹಾಯಕ್ಕೆ ಬಂದವರೆಲ್ಲ ‘ಇಲ್ಲಿ ಹೆಚ್ಚು ಬಂತು, ಇಲ್ಲಿ ಎತ್ತರ’ ಎಂದೇ ಹೇಳುತ್ತಿದ್ದರು. ಓದನ್ನು ಹಾಗೇ ಇಟ್ಟುಕೊಂಡು ತಲೆಯಲ್ಲಿ ಲೆಕ್ಕ ಮಾಡಬೇಡಿ. ಪುಸ್ತಕದಲ್ಲಿ ನಾಲ್ಕು ಕಂಬಸಾಲು ಎಳೆದುಕೊಳ್ಳಿ: ಜಾಗ, ಕಿರಣದ ಎತ್ತರ, ಓದು, ನೆಲದ ಎತ್ತರ.

ಅಂಗಳ 18 ಮೀಟರ್ ಉದ್ದ, 12 ಮೀಟರ್ ಅಗಲ. ಮೂರು ಮೀಟರಿಗೊಂದರಂತೆ ಸುಣ್ಣದ ಪುಡಿಯಿಂದ ಚುಕ್ಕೆ ಹಾಕಿಕೊಂಡು ಬೆಳಗಿನ ತಂಪಿನಲ್ಲಿ ಓದುತ್ತ ಹೋದೆ. ಮೇಸ್ತ್ರಿಗಳು ತಗ್ಗೆಂದು ತೋರಿಸಿದ್ದ ಗೇಟಿನ ಮೂಲೆಯ ಓದು 1.401, ಅಂದರೆ 9.941. ತುಳಸಿಕಟ್ಟೆಯ ಪಕ್ಕದಲ್ಲಿ 1.487, ಅಂದರೆ 9.855. ಮೇಸ್ತ್ರಿಗಳ ಮೂಲೆ ಎಂಟೂವರೆ ಸೆಂಟಿಮೀಟರಿನಷ್ಟು ಎತ್ತರದಲ್ಲಿತ್ತು! ಗೇಟಿನಾಚೆ ರಸ್ತೆ ಇಳಿದುಹೋಗುತ್ತದೆ, ಬೇಲಿಯೂ ಅದರ ಜತೆಗೇ ಇಳಿಯುತ್ತದೆ, ಕಣ್ಣು ಅವೆರಡನ್ನೂ ನಂಬಿ ಅಂಗಳವನ್ನೂ ಇಳಿಸಿಬಿಡುತ್ತದೆ. ಇಳಿಜಾರಿನ ಊರುಗಳಲ್ಲಿ ಕಣ್ಣಳತೆ ಕೈಕೊಡುವುದು ಹೀಗೆ. ಪಕ್ಕದ ಮನೆಯವರು ಮಾತ್ರ ಸರಿಯಾಗಿ ಹೇಳಿದ್ದರು. ಅವರು ತಮ್ಮ ತೋಟಕ್ಕೆ ನೀರು ಎಲ್ಲಿಂದ ಬರುತ್ತದೆ ಎಂದು ಪ್ರತಿ ವರ್ಷ ನೋಡುತ್ತಿದ್ದವರು.

ಹಿತ್ತಿಲಿಗೆ ಬಂದಾಗ ಮನೆಯೇ ಅಡ್ಡ. ಕಿರಣ ಗೋಡೆಯನ್ನು ದಾಟಲಾರದು, ಹಿಂದಿನ ಧರೆಯೂ ಯಂತ್ರಕ್ಕಿಂತ ಎತ್ತರ. ಹೀಗಾದಾಗ ಯಂತ್ರವನ್ನು ಸ್ಥಳಾಂತರಿಸಬೇಕು. ಎರಡೂ ಕಡೆಯಿಂದ ಕಾಣುವ, ಅಲುಗದ ಒಂದು ಕಲ್ಲು ಬೇಕು. ಮನೆಯ ಎಡಮೂಲೆಯಲ್ಲಿ ಹೂತಿದ್ದ ಹಳೆಯ ಬಟ್ಟೆ ಒಗೆಯುವ ಕಲ್ಲು ಸಿಕ್ಕಿತು. ಮುಂದಿನಿಂದ ಅದರ ಮೇಲಿನ ಓದು 1.216, ಹಾಗಾಗಿ ಅದರ ಎತ್ತರ 10.126. ಯಂತ್ರವನ್ನು ಹಿತ್ತಿಲಿಗೆ ಒಯ್ದು ಮತ್ತೆ ಅದೇ ಕಲ್ಲಿನ ಮೇಲೆ ಓದಿದರೆ 1.508. ಹೊಸ ಕಿರಣದ ಎತ್ತರ 11.634. ಅಡುಗೆಮನೆಯ ಹಿಂದೆ ಕೋಲು ನಿಲ್ಲಿಸಿದೆ: 1.590. ಕಳೆದರೆ 10.044. ಹಿಂದಿನ ನೆಲ ಮುಂಬಾಗಿಲಿನ ಮೆಟ್ಟಿಲಿಗಿಂತ ನಾಲ್ಕು ಸೆಂಟಿಮೀಟರ್ ಮೇಲಿತ್ತು. ಬೆಟ್ಟದಿಂದ ವರ್ಷವರ್ಷವೂ ಜಾರಿಬಂದ ಮಣ್ಣು ಯಾರಿಗೂ ತಿಳಿಯದಂತೆ ಅಲ್ಲಿ ಕೂತಿತ್ತು. ಗೋಡೆಯ ಬಣ್ಣ ಯಾಕೆ ಉದುರಿತು ಎಂದು ಬಣ್ಣದವನನ್ನು ಬೈದದ್ದೆಲ್ಲ ಸುಮ್ಮನೆ.

ಮನೆಯ ಇನ್ನೊಂದು ಬದಿಯಿಂದ ಸುತ್ತಿ ಮತ್ತೆ ಮೆಟ್ಟಿಲಿಗೆ ಬಂದು ಓದಿ ಲೆಕ್ಕ ಹಾಕಿದಾಗ ಅದರ ಎತ್ತರ 10.004 ಬಂತು. ಹೊರಟಲ್ಲಿಗೇ ಬಂದು ಮುಗಿಸುವ ಈ ಪರೀಕ್ಷೆಯನ್ನು ಬಿಡಬೇಡಿ. ನಾಲ್ಕು ಮಿಲಿಮೀಟರ್ ವ್ಯತ್ಯಾಸ ಮಣ್ಣಿನ ಕೆಲಸದಲ್ಲಿ ಲೆಕ್ಕಕ್ಕಿಲ್ಲ. ನಾಲ್ಕು ಸೆಂಟಿಮೀಟರ್ ಬಂದಿದ್ದರೆ ಎಲ್ಲವನ್ನೂ ಮತ್ತೆ ಅಳೆಯಬೇಕಿತ್ತು.

ಓದುವಾಗ ಬಂದ ಕಿರಿಕಿರಿಗಳನ್ನೂ ಹೇಳಿಬಿಡುತ್ತೇನೆ. ಕೊಟ್ಟಿಗೆಯ ಹೊಸ ತಗಡಿನ ಎದುರು ರಿಸೀವರ್ ಎರಡು ಬೇರೆ ಬೇರೆ ಎತ್ತರದಲ್ಲಿ ‘ಮಟ್ಟ’ ಎಂದು ಕೂಗಿತು. ತಗಡು, ಕಿಟಕಿ ಗಾಜು, ಕಾರಿನ ಬಾಗಿಲು ಇವುಗಳಿಂದ ಕಿರಣ ಪ್ರತಿಫಲಿಸಿದರೆ ಹೀಗಾಗುತ್ತದೆ. ಒಂದು ಗೋಣಿಚೀಲ ಇಳಿಬಿಟ್ಟ ಮೇಲೆ ಸರಿಹೋಯಿತು. ರಿಸೀವರಿನ ಕಿಟಕಿಗೆ ನೇರ ಬಿಸಿಲು ಬಿದ್ದರೂ ಅದು ತಡವರಿಸುತ್ತದೆ, ಮೈ ಅಡ್ಡ ಮಾಡಿ ನಿಂತರೆ ಸಾಕು. ಕೋಲು ಓರೆಯಾದರೆ ಓದು ಹೆಚ್ಚು ಬರುತ್ತದೆ. ಕೋಲಿನ ಬೆನ್ನಿಗೆ ಸಣ್ಣ ರಸಮಟ್ಟ ಕಟ್ಟಿಕೊಳ್ಳುವುದು ಒಳ್ಳೆಯದು. ಯಂತ್ರವನ್ನು ಮನೆಯೊಳಗಿನ ತಂಪಿನಿಂದ ಬಿಸಿಲಿಗೆ ತಂದ ಕೂಡಲೇ ಬಳಸದೆ ಹತ್ತು ಹದಿನೈದು ನಿಮಿಷ ಹೊರಗೆ ಬಿಡಬೇಕು. ಕಿರಣ ಕಣ್ಣಿನ ಮಟ್ಟದಲ್ಲಿ ಸುತ್ತದಂತೆ ಟ್ರೈಪಾಡನ್ನು ಎತ್ತರಿಸಿ ಅಥವಾ ತಗ್ಗಿಸಿ ಇಡುವುದು ಅಗತ್ಯ, ಮಕ್ಕಳಿರುವ ಮನೆಯಲ್ಲಂತೂ ಇನ್ನೂ ಹೆಚ್ಚು. ರಿಸೀವರಿನ ಕೂಗಿಗೆ ನಮ್ಮ ಕರು ಹಗ್ಗ ಹರಿದುಕೊಂಡು ತೋಟಕ್ಕೆ ಓಡಿತು. ಅದಕ್ಕೆ ಪರಿಹಾರ ಧ್ವನಿ ಕಡಿಮೆ ಮಾಡುವ ಗುಂಡಿ, ಯಂತ್ರದ ಪುಸ್ತಕದಲ್ಲಿ ಕೊನೆಯ ಪುಟದಲ್ಲಿದೆ.

ಬಸಿಗಾಲುವೆಗೆ ವಾಟ ಎಷ್ಟು ಕೊಡುವುದು ಎಂಬ ಮಾತು ಬಂದಾಗ ಮೇಸ್ತ್ರಿಗಳಿಗೂ ನನಗೂ ಜಟಾಪಟಿ ಆಗಬಹುದೆಂದುಕೊಂಡಿದ್ದೆ. ನಾನು ನೂರಕ್ಕೆ ಒಂದು ಎಂದೆ. ಅವರು ಅಡಿಗೆ ಒಂದು ನೂಲು ಎಂದರು. ಇಂಚಿಗೆ ಎಂಟು ನೂಲು, ಅಡಿಗೆ ತೊಂಬತ್ತಾರು. ಅಂದರೆ ಅವರದ್ದು ತೊಂಬತ್ತಾರಕ್ಕೆ ಒಂದು! ಇಬ್ಬರೂ ಒಂದೇ ಮಾತು ಹೇಳುತ್ತಿದ್ದೆವು. ಕಾಲುವೆಯ ಉದ್ದ 21 ಮೀಟರ್, ಒಟ್ಟು ಇಳಿತ 21 ಸೆಂಟಿಮೀಟರ್. ಮೂರು ಮೀಟರಿಗೊಂದು ಗೂಟ, ಗೂಟದಿಂದ ಗೂಟಕ್ಕೆ 3 ಸೆಂಟಿಮೀಟರ್ ಇಳಿತ. ತಳ 9.600ರಲ್ಲಿ ಶುರುವಾಗಿ ಹಳ್ಳದ ಕಡೆ 9.390ಕ್ಕೆ ಮುಗಿಯಬೇಕು.

ಇಲ್ಲಿ ಯಂತ್ರದ ‘ಸ್ಲೋಪ್’ ಗುಂಡಿಯ ಆಸೆ ಬೇಡ. ಅಗ್ಗದ ಯಂತ್ರಗಳಲ್ಲಿ ಸಾಮಾನ್ಯವಾಗಿ ಆ ಗುಂಡಿ ಒತ್ತಿದ ಕೂಡಲೇ ತಾನೇ ಮಟ್ಟ ಹಿಡಿಯುವ ವ್ಯವಸ್ಥೆ ನಿಂತುಹೋಗುತ್ತದೆ. ಆಮೇಲೆ ಯಂತ್ರ ಅಲುಗಿದರೂ ಅದಕ್ಕೆ ಗೊತ್ತಾಗದು. ಕಿರಣವನ್ನು ಮಟ್ಟವಾಗಿಯೇ ಬಿಟ್ಟು, ಪ್ರತಿ ಗೂಟದಲ್ಲಿ ರಿಸೀವರನ್ನು ಕೋಲಿನ ಮೇಲೆ 3 ಸೆಂಟಿಮೀಟರ್ ಏರಿಸುತ್ತ ಹೋದರೆ ಅದೇ ಕೆಲಸ ಆಗುತ್ತದೆ. ಮೊದಲ ಗೂಟದಲ್ಲಿ, 11.634ರಿಂದ 9.600 ಕಳೆದು, 2.034, ಮುಂದೆ 2.064, 2.094, ಹೀಗೆ ಕೊನೆಗೆ 2.244. ಈ ಅಂಕಿಗಳನ್ನು ಒಂದು ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ಬರೆದು ಆಳುಗಳ ಕೈಗೆ ಕೊಟ್ಟೆ. ಅಗೆದು, ಕೋಲಿಟ್ಟು, ಕೂಗು ಬಂದರೆ ನಿಲ್ಲಿಸುವುದು. ಮೊದಲ ಅರ್ಧ ದಿನ ಅನುಮಾನದಿಂದ ನೋಡಿದರು, ಆಮೇಲೆ ನನ್ನನ್ನು ಕೇಳುವುದನ್ನೇ ಬಿಟ್ಟರು.

ಅಂಗಳದ ಮಣ್ಣು ತೆಗೆಯಲು ಜೆಸಿಬಿ ಬಂತು, ಗಂಟೆಗೆ 1,300 ರೂಪಾಯಿ. ಬರುವ ಮೊದಲೇ ಮಣ್ಣಿನ ಲೆಕ್ಕ ಮಾಡಿಟ್ಟುಕೊಂಡಿದ್ದೆ. 216 ಚದರ ಮೀಟರ್, ಸರಾಸರಿ 11 ಸೆಂಟಿಮೀಟರ್ ಕಡಿತ, ಸುಮಾರು 24 ಘನ ಮೀಟರ್. ಅಗೆದ ಮಣ್ಣು ಉಬ್ಬುತ್ತದೆ. ಕಾಲು ಭಾಗ ಹೆಚ್ಚೆಂದು ಹಿಡಿದರೆ 30. ಇದನ್ನೆಲ್ಲ ಹೊರಗೆ ಸಾಗಿಸದೆ ಕೆಳಗಿನ ಗೋಡೆಯ ಹಿಂದೆ ತುಂಬಬಹುದು ಎಂದು ಕಂಡದ್ದೇ ಟ್ರ್ಯಾಕ್ಟರಿನ ಖರ್ಚು ಉಳಿಸಿತು. ಆದರೆ ಗೋಡೆ ಇನ್ನೂ ಕಟ್ಟಿರಲಿಲ್ಲ. ಕಾರಣ, ಗಡಿ.

ಲೇಸರ್ ಎತ್ತರ ಹೇಳುತ್ತದೆ, ಜಾಗ ಯಾರದು ಎಂದು ಹೇಳುವುದಿಲ್ಲ. ಗೋಡೆ ಬರಬೇಕಾದದ್ದು ಅಡಿಕೆ ತೋಟದ ಅಂಚಿನಲ್ಲಿ, ಅಲ್ಲಿದ್ದ ಗಡಿಕಲ್ಲುಗಳಲ್ಲಿ ಒಂದು ಕಾಣೆಯಾಗಿತ್ತು. ಪಹಣಿ ಮತ್ತು ನಕ್ಷೆಯ ಪ್ರತಿ ಇಟ್ಟು ಹದ್ದುಬಸ್ತಿಗೆ, ಅಂದರೆ ಭೂಮಾಪಕರಿಂದ ಗಡಿ ಅಳೆಸಿ ಗುರುತು ಮಾಡಿಸುವುದಕ್ಕೆ, ಅರ್ಜಿ ಹಾಕಿದೆ. ನೋಟಿಸು ಅಕ್ಕಪಕ್ಕದವರಿಗೂ ಹೋಗುತ್ತದೆ, ಭೂಮಾಪಕರು ಬರುವ ದಿನ ಅವರೂ ಇರಬೇಕು. ಸಮಯ ಹಿಡಿಯುವ ಕೆಲಸ ಇದು. ಗಡಿಯ ಹತ್ತಿರ ಏನೇ ಕಟ್ಟುವವರಾದರೂ ಯಂತ್ರ ಆರ್ಡರ್ ಮಾಡುವ ಮೊದಲೇ ಈ ಅರ್ಜಿ ಹಾಕಿ.

ನೋಟಿಸು ಕೈಗೆ ಬಂದ ದಿನ ಪಕ್ಕದ ಮನೆಯವರು ಮುಖ ಗಂಟಿಕ್ಕಿಕೊಂಡು ಬಂದರು. ‘ಅಕ್ಕಾ, ನಿಮ್ಮ ಅಂಗಳದ ನೀರನ್ನೆಲ್ಲ ನನ್ನ ತೋಟಕ್ಕೆ ತಿರುಗಿಸಿದರೆ ಅಡಿಕೆಗೆ ಕೊಳೆರೋಗ ತಾನಾಗಿಯೇ ಬರುತ್ತದೆ’ ಎಂದರು. ಅವರ ಭಯದಲ್ಲಿ ಅರ್ಥವಿತ್ತು. 200 ಚದರ ಮೀಟರ್ ಸೂರಿನ ಮೇಲೆ 100 ಮಿಲಿಮೀಟರ್ ಮಳೆ ಬಿದ್ದರೆ 20,000 ಲೀಟರ್ ನೀರು, ನಮ್ಮಲ್ಲಿ ಜುಲೈ ತಿಂಗಳಲ್ಲಿ ಅಷ್ಟು ಮಳೆ ಒಂದೇ ದಿನ ಬೀಳುವುದುಂಟು. ಮಾತಿನಲ್ಲಿ ಸಮಾಧಾನ ಹೇಳುವ ಬದಲು ಕೋಲನ್ನೇ ಅವರ ಕೈಗೆ ಕೊಟ್ಟೆ. ಕಾಲುವೆಯ ಬಾಯಿಂದ ಹಳ್ಳದವರೆಗೆ ತಾವೇ ಓದುತ್ತ ಹೋದರು. ಎಲ್ಲಿಯೂ ತೋಟದ ಕಡೆ ತಗ್ಗಿಲ್ಲವೆಂದು ಖಚಿತವಾದ ಮೇಲೆ, ‘ನನ್ನ ತೋಟದ ಬಸಿಗಾಲುವೆಗೂ ಒಮ್ಮೆ ಇದನ್ನು ತರುತ್ತೀರಾ’ ಎಂದು ಕೇಳಿದರು. ತಂದುಕೊಟ್ಟೆ. ಹದ್ದುಬಸ್ತಿನ ದಿನ ಅವರೇ ಎಲ್ಲರಿಗಿಂತ ಮೊದಲು ಬಂದು ನಿಂತಿದ್ದರು.

ಜೆಸಿಬಿ ಕೆಲಸ ಮಾಡುವಾಗ ಯಂತ್ರವನ್ನು ಹೆಚ್ಚು ಹೊತ್ತು ನಂಬಬಾರದು. ಪ್ರತಿ ಗಂಟೆಗೊಮ್ಮೆ ಮೆಟ್ಟಿಲಿನ ಮೇಲೆ ಕೋಲಿಟ್ಟು ನೋಡುತ್ತಿದ್ದೆ. ಚಹಾ ಕುಡಿದು ಬಂದು ನೋಡಿದಾಗ ಓದಿನಲ್ಲಿ 14 ಮಿಲಿಮೀಟರ್ ವ್ಯತ್ಯಾಸ. ಯಂತ್ರ ಮಾತ್ರ ಏನೂ ಆಗಿಲ್ಲವೆಂಬಂತೆ ತಿರುಗುತ್ತಿತ್ತು. ಆದದ್ದಿಷ್ಟು: ಜೆಸಿಬಿಯ ಅದುರಿಗೆ ಟ್ರೈಪಾಡಿನ ಒಂದು ಕಾಲು ಸಡಿಲ ಮಣ್ಣಿನೊಳಗೆ ಇಳಿದಿತ್ತು. ತುಂಬಾ ವಾಲಿದರೆ ಯಂತ್ರ ಕೂಗಿ ನಿಲ್ಲುತ್ತದೆ, ಸ್ವಲ್ಪ ವಾಲಿದರೆ ತಾನೇ ಮತ್ತೆ ಮಟ್ಟ ಮಾಡಿಕೊಂಡು ಹೊಸ ಎತ್ತರದಲ್ಲಿ ತಿರುಗತೊಡಗುತ್ತದೆ. ದುಬಾರಿ ಯಂತ್ರಗಳಲ್ಲಿ ಇದನ್ನು ಎಚ್ಚರಿಸುವ ವ್ಯವಸ್ಥೆ ಇರುತ್ತದೆ, ನನ್ನದರಲ್ಲಿ ಇಲ್ಲ. ಮೂರು ಕಾಲುಗಳ ಕೆಳಗೂ ಚಪ್ಪಟೆ ಕಲ್ಲು ಹಾಸಿ, ಜೆಸಿಬಿ ಓಡಾಡುವ ದಾರಿಯಿಂದ ದೂರಕ್ಕೆ ಒಯ್ದು, ಹೊಸದಾಗಿ ಕಿರಣದ ಎತ್ತರ ಲೆಕ್ಕಹಾಕಿ ಮುಂದುವರಿಸಿದೆವು. ನಡುವಿನ ಒಂದು ಗಂಟೆಯ ಕೆಲಸವನ್ನು ಮತ್ತೆ ಓದಿ ನೋಡಬೇಕಾಯಿತು.

ಗೋಡೆಯ ಮೊದಲ ವರಸೆ ಕೂರಿಸುವ ಬೆಳಿಗ್ಗೆ ಮೇಸ್ತ್ರಿಗಳು ತಮ್ಮ ಪೈಪನ್ನೂ ತಂದಿದ್ದರು. ‘ಟೀಚರ್, ನಿಮ್ಮ ಮಿಷನ್ನಿಗೆ ನನ್ನದೊಂದು ಪರೀಕ್ಷೆ’ ಎಂದರು. ಗೋಡೆಯ ಎರಡು ತುದಿಗಳಲ್ಲಿ ಲೇಸರ್ ಪ್ರಕಾರ ಗುರುತು ಹಾಕಿದ್ದ ಗೂಟಗಳಿದ್ದವು. ಹುಡುಗನೊಬ್ಬ ಆ ತುದಿಯಲ್ಲಿ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ನಿಂತ, ಮೇಸ್ತ್ರಿಗಳು ಈ ತುದಿಯಲ್ಲಿ ಕುಕ್ಕರುಗಾಲಿನಲ್ಲಿ ಕೂತರು. ‘ಬಿಡು’ ಎಂದ ಮೇಲೆ ನೀರು ಗೆರೆಯ ಮೇಲೆ ಹಾರಿ, ಕೆಳಗೆ ಇಳಿದು, ಮತ್ತೆ ಏರಿ, ಏರುವುದು ಕಡಿಮೆಯಾಗುತ್ತ ಬಂದು ಪೆನ್ಸಿಲ್ ಗೆರೆಯ ಮೇಲೆಯೇ ನಿಂತಿತು. ಅವರು ಕಣ್ಣನ್ನು ಪೈಪಿನ ಮಟ್ಟಕ್ಕೆ ತಂದು, ನೀರಿನ ಬಾಗಿದ ಅಂಚಿನ ಕೆಳಭಾಗ ನೋಡಿ, ಬೆರಳಿನ ಉಗುರಿನಿಂದ ಅಂತರ ಅಳೆದರು. ‘ಅರ್ಧ ನೂಲೂ ಇಲ್ಲ’ ಎಂದು ಎದ್ದು, ಪೈಪು ಸುತ್ತಿ ಸೈಕಲ್ಲಿಗೆ ನೇತುಹಾಕಿದರು. ಆಮೇಲೆ ಮೂಲೆಮಟ್ಟ, ಗುಂಡು, ದಾರ ಎಲ್ಲ ಅವರದ್ದು, ಎತ್ತರ ಮಾತ್ರ ಯಂತ್ರದ್ದು. ಗೋಡೆಯಲ್ಲಿ ಒಂದೂವರೆ ಮೀಟರಿಗೊಂದು ನೀರುಗಂಡಿ ಬಿಟ್ಟು, ಹಿಂದೆ ಜಲ್ಲಿ ತುಂಬಿ, ಆಮೇಲೆ ಮಣ್ಣನ್ನು ಆರಾರು ಇಂಚಿನ ಪದರಗಳಲ್ಲಿ ಹಾಕಿ ಬಾಡಿಗೆಯ ಯಂತ್ರದಿಂದ ದಮ್ಮಸು ಮಾಡಿಸಿದೆವು.

ಅಂಗಳದ ವಾಟದ ಬಗ್ಗೆ ಒಂದು ಹೊಯ್ದಾಟ ಇತ್ತು. ನೀರು ಬೇಗ ಹೋಗಬೇಕಾದರೆ ವಾಟ ಹೆಚ್ಚಿರಬೇಕು, ಅಡಿಕೆ ಒಣಗಿಸಲು ಮಟ್ಟವಾಗಿರಬೇಕು. ಮನೆಯ ಅಡಿಪಾಯಕ್ಕೆ ತಾಗಿದ ಮೊದಲ ಎರಡು ಮೀಟರಿಗೆ ಐವತ್ತಕ್ಕೆ ಒಂದು, ಅಲ್ಲಿಂದ ಮುಂದೆ ನೂರಕ್ಕೆ ಒಂದು ಕೊಟ್ಟೆವು. ನೂರಕ್ಕೆ ಒಂದರ ವಾಟದಲ್ಲಿ ಹರವಿದ ಅಡಿಕೆ ಉರುಳುವುದಿಲ್ಲ.

ಖರ್ಚಿನ ಲೆಕ್ಕ: ಲೇಸರಿನ ಸಾಮಾನು ಒಟ್ಟು 22,400. ಜೆಸಿಬಿಗೆ 13,000. ಗೋಡೆಗೆ ಕಲ್ಲು, ಜಲ್ಲಿ, ಸಿಮೆಂಟು, ಕೂಲಿ ಸೇರಿ 78,000. ಕಾಲುವೆಗೆ ಕೂಲಿ ಮಾತ್ರ, 9,500. ಇದರಲ್ಲಿ ಲೇಸರ್ ಬೇಕಿತ್ತೇ ಎಂದು ಕೇಳುವವರಿಗೆ ನೇರವಾಗಿ ಹೇಳುತ್ತೇನೆ. ನಿಮ್ಮದು ಮೂವತ್ತು ನಲವತ್ತರ ಸೈಟು, ಒಂದು ಗೇಟು, ಒಂದು ಪೈಪು ಮಾತ್ರ ಎಂದಾದರೆ ಬೇಡವೇ ಬೇಡ. ಮೇಸ್ತ್ರಿಯ ನೀರಿನ ಪೈಪು ಸಾಕು. ಒಂದೇ ದಿನದ ಅಳತೆ ಸಾಕಾಗುವಂತಿದ್ದರೆ ಆಟೊ ಲೆವೆಲ್ ಇರುವವರನ್ನು ಕರೆಸಿ ದಿನದ ದುಡ್ಡು ಕೊಟ್ಟರೆ ಅಗ್ಗ. ನನ್ನಂತೆ ಕೆಲಸ ತಿಂಗಳುಗಟ್ಟಲೆ ಎಳೆಯುವುದಿದ್ದರೆ, ಅಗೆದಂತೆಲ್ಲ ಮತ್ತೆ ಮತ್ತೆ ನೋಡಬೇಕಿದ್ದರೆ, ಜತೆಗೆ ಯಾರೂ ಇಲ್ಲದಿದ್ದರೆ, ಕೊಟ್ಟ ದುಡ್ಡು ದಂಡವಲ್ಲ.

ಜೂನ್ ಮಳೆ ಹಿಡಿದ ಮೇಲೆ ಕಾಲುವೆ ತುಂಬ ಕೆಂಪು ನೀರು ಹರಿದು ಹಳ್ಳ ಸೇರಿತು, ಅಡುಗೆಮನೆಯ ಹಿಂದೆ ನಿಲ್ಲಲಿಲ್ಲ. ಗೋಡೆಯ ಹಿಂದೆ ತುಂಬಿದ ಮಣ್ಣು ಒಂದು ಕಡೆ ಎರಡು ಸೆಂಟಿಮೀಟರ್ ಕುಸಿದು, ಅಲ್ಲೊಂದು ತಟ್ಟೆಯಗಲದ ಹೊಂಡ ಬಿದ್ದಿದೆ. ಹೊಸದಾಗಿ ತುಂಬಿದ ಮಣ್ಣು ಒಂದು ಮಳೆಗಾಲ ಕಳೆಯದೆ ಪೂರ್ತಿ ಕೂರುವುದಿಲ್ಲ. ಆದ್ದರಿಂದ ಅಲ್ಲಿ ಕಲ್ಲು ಹಾಸುವುದನ್ನು ದೀಪಾವಳಿಯ ನಂತರಕ್ಕೆ ಇಟ್ಟಿದ್ದೇನೆ.

ಯಂತ್ರ ಈಗ ಕೇಳಿದವರ ಮನೆಗೆಲ್ಲ ಹೋಗಿ ಬರುತ್ತಿದೆ. ಕೊಡುವಾಗ ಎರಡು ಷರತ್ತು: ಮೋಟಾರ್ ಬೈಕಿನ ಹಿಂದೆ ಕಟ್ಟಿಕೊಂಡು ಹೋಗುವಂತಿಲ್ಲ, ಮರಳಿ ತಂದ ದಿನ ಕೊಟ್ಟಿಗೆಯ ಗೋಡೆಯ ಮೇಲೆ ನಾಲ್ಕು ಗೆರೆಗಳ ಪರೀಕ್ಷೆ ಅವರೇ ಮಾಡಿ ತೋರಿಸಬೇಕು. ಮಲೆನಾಡಿನವರು ಮಳೆಗಾಲಕ್ಕೆ ಎತ್ತಿಡುವಾಗ ರಿಸೀವರಿನ ಬ್ಯಾಟರಿ ತೆಗೆದಿಡಿ, ಇಲ್ಲವಾದರೆ ಸೋರಿ ಪಟ್ಟಿಗಳಿಗೆ ಹಸಿರು ಹಿಡಿಯುತ್ತದೆ. ಯಂತ್ರದ ಗಾಜು ಒರೆಸಿ, ಪೂರ್ತಿ ಒಣಗಿಸಿ, ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಡಬ್ಬಿಯಲ್ಲಿ ಮುಚ್ಚಿ ಅಟ್ಟದ ಮೇಲೆ ಹೊಗೆ ತಾಗದ ಕಡೆ ಇಡಿ.